ಟ್ರಸ್ಟಿನ ಮುಖ್ಯಸ್ಥರಿಗೆ ತಿಂಗಳಿಗೆ 1.6 ಲಕ್ಷ ಸಂಬಳ ಕೊಡಬಹುದಾ? ಕೊಟ್ಟರೆ ಕಾಗದಪತ್ರ ಹೇಗಿರಬೇಕು?

ಶಿರಿಯ ಹೊಳೆ

ಕಾಸರಗೋಡು ಜಿಲ್ಲೆಯ ಒಂದು ಚಾರಿಟೇಬಲ್ ಟ್ರಸ್ಟಿನ ವಿಷಯ. ವಿಶೇಷ ಮಕ್ಕಳ ಶಾಲೆ, ಫಿಸಿಯೋಥೆರಪಿ ಕೇಂದ್ರ, ಮನೆಮನೆಗೆ ಹೋಗುವ ಪಾಲಿಯೇಟಿವ್ (ನೋವು ಶಮನದ ಆರೈಕೆ) ತಂಡ ಇಷ್ಟು ಉಂಟು. ವರ್ಷದ ಖರ್ಚು 6.4 ಕೋಟಿ, ಸಿಬ್ಬಂದಿ 74. 12ಎಬಿ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿಯ ನೋಂದಣಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ), ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಪಡೆಯುವ ನೋಂದಣಿ) ಮೂರೂ ಚಾಲ್ತಿಯಲ್ಲಿವೆ. ವಿದೇಶಿ ದೇಣಿಗೆ ವರ್ಷಕ್ಕೆ ಸುಮಾರು 90 ಲಕ್ಷ.

ಇಷ್ಟರವರೆಗೆ ಮೇಲ್ವಿಚಾರಣೆ ಗೌರವಧನದಲ್ಲೇ ನಡೆದಿದೆ. ಈಗ ಪೂರ್ಣಾವಧಿ ಕಾರ್ಯನಿರ್ವಾಹಕ ನಿರ್ದೇಶಕರನ್ನು ತಿಂಗಳಿಗೆ 1,60,000 ರೂಪಾಯಿಗೆ ನೇಮಿಸುವ ಪ್ರಸ್ತಾಪ ಬಂದಿದೆ. ಅಭ್ಯರ್ಥಿ ಮ್ಯಾನೇಜಿಂಗ್ ಟ್ರಸ್ಟಿಯವರ ತಂಗಿಯ ಮಗ. ಆಸ್ಪತ್ರೆ ಆಡಳಿತದಲ್ಲಿ 14 ವರ್ಷದ ಅನುಭವ ಇದೆ, ಅರ್ಹತೆಯ ಬಗ್ಗೆ ಯಾರದ್ದೂ ತಕರಾರಿಲ್ಲ. ಆದರೆ ಮೊತ್ತ ಕೇಳಿದ ಕೂಡಲೇ ಒಬ್ಬರು ಟ್ರಸ್ಟಿ "12ಎಬಿಯೇ ಹೋದೀತು" ಎಂದರು. ಕಾನೂನಿನಲ್ಲಿ ಸಂಬಳಕ್ಕೆ ಮಿತಿ ಉಂಟಾ? ಇದರಲ್ಲಿ ಎಷ್ಟನ್ನು ಎಫ್‌ಸಿ (ವಿದೇಶಿ ದೇಣಿಗೆ) ಹಣದಿಂದ ಕೊಡಬಹುದು?

ಪೆರ್ಲದ ಲೆಕ್ಕಿಗ

ಇಂತಿಷ್ಟೇ ಎಂಬ ಮಿತಿ ಎಲ್ಲಿಯೂ ಇಲ್ಲ. ಆದಾಯ ತೆರಿಗೆ ಕಾಯ್ದೆಯ 13(2)(ಸಿ) ಕೇಳುವುದು ಒಂದೇ ಪ್ರಶ್ನೆ: ಆ ಸೇವೆಗೆ ನ್ಯಾಯವಾಗಿ ಕೊಡಬಹುದಾದಕ್ಕಿಂತ ಹೆಚ್ಚು ಕೊಟ್ಟಿದ್ದೀರಾ? ಈ ಪ್ರಶ್ನೆ ಬರುವುದು 13(3)ರ ಪಟ್ಟಿಯಲ್ಲಿ ಇರುವವರ ಮಟ್ಟಿಗೆ. ಟ್ರಸ್ಟ್ ಸ್ಥಾಪಕರು, ಟ್ರಸ್ಟಿಗಳು, ದೊಡ್ಡ ದಾನಿಗಳು, ಸಂಸ್ಥೆಯ ಮ್ಯಾನೇಜರು, ಮತ್ತೆ ಸ್ಥಾಪಕ, ಟ್ರಸ್ಟಿ, ಮ್ಯಾನೇಜರುಗಳ ಸಂಬಂಧಿಕರು. "ಮ್ಯಾನೇಜರು, ಯಾವ ಹೆಸರಿನಿಂದ ಕರೆದರೂ" ಎಂದು ಕಾಯ್ದೆಯಲ್ಲೇ ಇರುವುದರಿಂದ ಕಾರ್ಯನಿರ್ವಾಹಕ ನಿರ್ದೇಶಕರು ಯಾರ ನೆಂಟರಲ್ಲದಿದ್ದರೂ ಹುದ್ದೆಯ ಕಾರಣಕ್ಕೇ ಪಟ್ಟಿಗೆ ಬೀಳುತ್ತಾರೆ ಎಂದೇ ಇಟ್ಟುಕೊಳ್ಳಿ.

ನಿಮ್ಮಲ್ಲಿ ನೆಂಟಸ್ತಿಕೆಯೂ ಉಂಟು. ಸೆಕ್ಷನ್ 13ರ ವಿವರಣೆಯಲ್ಲಿ ಅಣ್ಣತಮ್ಮ, ಅಕ್ಕತಂಗಿಯರ ಮಕ್ಕಳು ಮೊಮ್ಮಕ್ಕಳೂ ಸಂಬಂಧಿಕರೇ. ಅಳಿಯಕಟ್ಟಿನ ನಾಡಿನಲ್ಲಿ ಸೋದರಳಿಯ ಹತ್ತಿರದವನಲ್ಲ ಎಂದು ವಾದಿಸಲು ಹೇಗೂ ಆಗುವುದಿಲ್ಲ, ಬಿಡಿ.

ಹೆಚ್ಚಾಯಿತು ಎಂದು ಅಧಿಕಾರಿ ತೀರ್ಮಾನಿಸಿದರೆ ಏನಾಗುತ್ತದೆ? ಹಿಂದೆ ಇಡೀ ವಿನಾಯಿತಿಯೇ ತಪ್ಪುವ ಭಯ ಇತ್ತು. 2023-24ರ ಅಸೆಸ್‌ಮೆಂಟ್ ವರ್ಷದಿಂದ 115ಬಿಬಿಐ ಬಂದ ಮೇಲೆ ಹೆಚ್ಚುವರಿ ಭಾಗಕ್ಕೆ ಮಾತ್ರ 30% ತೆರಿಗೆ. ಉದಾಹರಣೆಗೆ, ವರ್ಷದ ಸಂಬಳ 19.2 ಲಕ್ಷ, ನ್ಯಾಯವಾದದ್ದು 12 ಲಕ್ಷ ಎಂದು ಅವರು ಹಿಡಿದರೆ ಹೆಚ್ಚುವರಿ 7.2 ಲಕ್ಷ. ತೆರಿಗೆ 2.16 ಲಕ್ಷ, ಅದರ ಮೇಲೆ ಸೆಸ್. ನಿಜವಾದ ಪೆಟ್ಟು 271ಎಎಇ ದಂಡದ್ದು: ಮೊದಲ ಸಲ ಹೆಚ್ಚುವರಿ ಮೊತ್ತದಷ್ಟೇ, ಅಂದರೆ 7.2 ಲಕ್ಷ. ಮುಂದಿನ ವರ್ಷಗಳಲ್ಲಿ ಅದೇ ತಪ್ಪಾದರೆ ಎರಡು ಪಟ್ಟು. ಇಷ್ಟು ಮಾತ್ರಕ್ಕೆ 12ಎಬಿ ಹೋಗುವುದಿಲ್ಲ ಎಂದು ಆ ಟ್ರಸ್ಟಿಯವರಿಗೆ ಹೇಳಬಹುದು. ಆದರೆ ಸಂಬಳ ಕೊಟ್ಟು ಕೆಲಸವನ್ನೇ ತೋರಿಸಲಾಗದಿದ್ದರೆ ಮಾತು ಬೇರೆ.

ಈ ನಂಬರುಗಳೆಲ್ಲ 1961ರ ಕಾಯ್ದೆಯವು. 2025ರ ಹೊಸ ಕಾಯ್ದೆ 2026 ಏಪ್ರಿಲ್ 1ರಿಂದ, ಅಲ್ಲಿ ಸೆಕ್ಷನ್ ನಂಬರು ಬೇರೆ. ಠರಾವು ಬರೆಯುವಾಗ ಆಡಿಟರ ಹತ್ತಿರ ಕೇಳಿ ಸರಿಯಾದದ್ದನ್ನೇ ಹಾಕಿ.

ಗಡಿನಾಡ ಕುಳ

ಸೇವೆ ಎಂದ ಮೇಲೆ ಒಂದೂವರೆ ಲಕ್ಷ ಯಾಕೆ ಮಾರಾಯ್ರೆ? ಜನ ಕೊಟ್ಟ ದುಡ್ಡು ಅದು.

ಪೆರ್ಲದ ಲೆಕ್ಕಿಗ

@ಗಡಿನಾಡ ಕುಳ, 74 ಜನರ ಪಿಎಫ್, ಇಎಸ್‌ಐ, ಶಾಲೆಯ ಪರವಾನಗಿ, ಆಂಬುಲೆನ್ಸಿನ ವಿಮೆ, ಎಫ್‌ಸಿ ರಿಟರ್ನ್ ಇಷ್ಟನ್ನೂ ಗೌರವಧನದವರು ಸಂಜೆ ಬಂದು ನೋಡಿಕೊಂಡರೆ ಎಲ್ಲೋ ಒಂದು ಕಡೆ ತಪ್ಪುತ್ತದೆ, ಆ ದಂಡವೂ ಜನ ಕೊಟ್ಟ ದುಡ್ಡಿನಿಂದಲೇ ಹೋಗುತ್ತದೆ. ಕೇಳಬೇಕಾದ ಪ್ರಶ್ನೆ ಇನ್ನೊಂದು ಉಂಟು: ಅದೇ ಟ್ರಸ್ಟಿನ ಆಯಾಗೆ ಎಷ್ಟು? ಸೇವಾಸಂಸ್ಥೆಗಳಿಗೆ ಮಾನ್ಯತೆ ಕೊಡುವ ಕ್ರೆಡಿಬಿಲಿಟಿ ಅಲಯನ್ಸಿನ ಮಾನದಂಡದ ಪ್ರಕಾರ ವಾರ್ಷಿಕ ವರದಿಯಲ್ಲಿ ಮುಖ್ಯಸ್ಥರ ಸಂಬಳ, ಅತಿ ಹೆಚ್ಚು ಪಡೆಯುವ ಮೂವರ ಸಂಬಳ, ಅತಿ ಕಡಿಮೆ ಪಡೆಯುವವರ ಸಂಬಳ ಎಲ್ಲವನ್ನೂ ಪ್ರಕಟಿಸಬೇಕು. ಆ ಕೊನೆಯ ಸಾಲು ಬರೆಯಲು ನಾಚಿಕೆಯಾಗುವಂತಿದ್ದರೆ ಮೊದಲು ಅದನ್ನು ಸರಿಮಾಡಿ.

ಮಧುವಾಹಿನಿ

ಎಫ್‌ಸಿ ಭಾಗಕ್ಕೆ ಬರುತ್ತೇನೆ. ಬಿಗಿ ಇರುವುದು ಇಲ್ಲೇ.

ಎಫ್‌ಸಿಆರ್‌ಎ ಸೆಕ್ಷನ್ 8ರ ಪ್ರಕಾರ ಆ ವರ್ಷ ಬಂದ ವಿದೇಶಿ ದೇಣಿಗೆಯ 20% ಮಾತ್ರ ಆಡಳಿತ ಖರ್ಚಿಗೆ. 2020ರ ತಿದ್ದುಪಡಿಗೆ ಮುಂಚೆ ಇದು 50% ಇತ್ತು, ಎಷ್ಟೋ ಸಂಸ್ಥೆಗಳ ಬಜೆಟ್ ಇನ್ನೂ ಆ ಹಳೇ ಅಳತೆಯಲ್ಲೇ ಉಂಟು. ನಿಮಗೆ 90 ಲಕ್ಷ ಬಂದರೆ ಮಿತಿ 18 ಲಕ್ಷ.

ಈಗ ಸಂಬಳದ ಪೂರ್ತಿ ಖರ್ಚು ನೋಡಿ. ಬೇಸಿಕ್ 80,000 ಇಟ್ಟರೆ ಗ್ರಾಚ್ಯುಟಿಗೆ 4.81% ಅಂದರೆ 3,848. ಪಿಎಫ್ 15,000ದ ಮಿತಿಯ ಮೇಲೆ ಕಟ್ಟಿದರೆ ಸಂಸ್ಥೆಯ ಪಾಲು 1,800. ತಿಂಗಳಿಗೆ 1,65,648, ವರ್ಷಕ್ಕೆ 19,87,776. ಪೂರ್ತಿ ಎಫ್‌ಸಿಯಲ್ಲಿ ಹಾಕಿದರೆ ಇವರೊಬ್ಬರ ಸಂಬಳದಲ್ಲೇ ಮಿತಿ ದಾಟಿತು. ಅರ್ಧ ಹಾಕಿದರೆ 9.94 ಲಕ್ಷ. ಲೆಕ್ಕಿಗರಿಗೆ 3.6, ಕಚೇರಿ ಬಾಡಿಗೆ 1.44, ಆಡಳಿತದ ಓಡಾಟಕ್ಕೆ 2 ಲಕ್ಷ ಎಂದಿಟ್ಟುಕೊಂಡರೆ ಒಟ್ಟು 16.98. ಉಳಿದದ್ದು ಒಂದು ಲಕ್ಷ ಚಿಲ್ಲರೆ. ಮುಂದಿನ ವರ್ಷ ದೇಣಿಗೆ 70 ಲಕ್ಷಕ್ಕೆ ಇಳಿದರೆ ಮಿತಿಯೂ 14ಕ್ಕೆ ಇಳಿಯುತ್ತದೆ, ಸಂಬಳ ಇಳಿಯುವುದಿಲ್ಲ. ಹಾಗಾಗಿ ಎಫ್‌ಸಿಗೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೊರಿಸಬೇಡಿ ಎಂದು ನನ್ನ ಸಲಹೆ.

ಎಫ್‌ಸಿಆರ್‌ಎ ನಿಯಮ 5ರಲ್ಲಿ ಒಂದು ರಿಯಾಯಿತಿ ಉಂಟು. ಆಸ್ಪತ್ರೆಯ ಡಾಕ್ಟರ್, ಶಾಲೆಯ ಟೀಚರ್ ಇಂಥವರ ಸಂಬಳ ಸಂಸ್ಥೆಯ ಉದ್ದೇಶಕ್ಕೇ ನೇರ ಖರ್ಚಾಗುವುದರಿಂದ ಆಡಳಿತದ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಫಿಸಿಯೋಥೆರಪಿಸ್ಟರೂ ಆ ಜಾತಿಯವರೇ. ಇದನ್ನು ನೋಡಿ ನಿರ್ದೇಶಕರನ್ನು "ಪ್ರಾಜೆಕ್ಟ್ ಸಂಯೋಜಕ" ಎಂದು ಕರೆದು ದಾಟಿಸುವವರಿದ್ದಾರೆ. ಪರಿಶೀಲನೆಗೆ ಬಂದವರು ಹುದ್ದೆಯ ಹೆಸರು ನೋಡುವುದಿಲ್ಲ, ನೇಮಕಾತಿ ಆದೇಶದ ಕೆಲಸದ ಪಟ್ಟಿ ಓದುತ್ತಾರೆ.

ಇನ್ನೊಂದು ಸಾಮಾನ್ಯ ಎಡವಟ್ಟು: ಪೂರ್ತಿ ಸಂಬಳ ಊರಿನ (ದೇಶೀ ಹಣದ) ಖಾತೆಯಿಂದ ಕೊಟ್ಟು, ತಿಂಗಳ ಕೊನೆಗೆ ಎಫ್‌ಸಿ ಖಾತೆಯಿಂದ ಅದರ ಪಾಲನ್ನು ಊರಿನ ಖಾತೆಗೆ ತುಂಬಿಸುವುದು. ಅದು ಎರಡು ಹಣ ಬೆರೆಸಿದ ಹಾಗೆ. ಎಫ್‌ಸಿ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ ಬಂದು, ಅಲ್ಲಿಂದ ನಿಮ್ಮ ಬಳಕೆ ಖಾತೆಗೆ, ಅಲ್ಲಿಂದ ನೇರ ನೌಕರರ ಖಾತೆಗೆ ಹೋಗಬೇಕು. ತಿಂಗಳಿಗೆ ಎರಡು ಪಾವತಿ, ಎರಡು ವೋಚರು. ಸ್ಲಿಪ್ ಒಂದೇ ಇರಲಿ, ಅದರಲ್ಲಿ ಎರಡೂ ಸಾಲು ತೋರಿಸಿ.

ಶಿರಿಯ ಹೊಳೆ

ಇಬ್ಬರಿಗೂ ಧನ್ಯವಾದ. ಎರಡು ಉಪಪ್ರಶ್ನೆ. ದುಬೈಯಲ್ಲಿರುವ ನಮ್ಮೂರಿನವರೇ ಕೊಡುವ ಹಣವನ್ನೂ 90 ಲಕ್ಷದಲ್ಲಿ ಸೇರಿಸಿದ್ದೇವೆ, ಸರಿಯಾ? ಮತ್ತೆ ನ್ಯೂಜೆರ್ಸಿಯ ದಾನಿಯೊಬ್ಬರು ಸಂಬಳ ಹೇಗೆ ನಿಗದಿ ಮಾಡಿದಿರಿ ಎಂದು ಬರೆದು ಕೇಳಿದ್ದಾರೆ.

ಮಧುವಾಹಿನಿ

ದುಬೈಯವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ ಫೈಲಿನಲ್ಲಿರಲಿ. ಬೇರೆ ದೇಶದ ಪೌರತ್ವ ಪಡೆದವರಾದರೆ, ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿಯರಿಗೆ ಕೊಡುವುದು) ಇದ್ದರೂ, ವಿದೇಶಿ ದೇಣಿಗೆಯೇ. ಅಂದರೆ ನಿಮ್ಮ 90 ಲಕ್ಷವೂ ಕಡಿಮೆಯಾಗಬಹುದು, 18 ಲಕ್ಷವೂ. ಮೇಲಿನ ಲೆಕ್ಕ ಮತ್ತೆ ಹಾಕಿ.

ಬೇಕಲ ಕೋಟೆ

ನ್ಯೂಜೆರ್ಸಿಯವರ ಪ್ರಶ್ನೆ ಅವರ ದೇಶದ ರೂಢಿಯಿಂದ ಬಂದದ್ದು. ಅಲ್ಲಿ ದೊಡ್ಡ ಸೇವಾಸಂಸ್ಥೆಗಳ ಫಾರ್ಮ್ 990 ಎಂಬ ವಾರ್ಷಿಕ ರಿಟರ್ನ್ ಯಾರು ಬೇಕಾದರೂ ನೋಡಬಹುದು, ಮುಖ್ಯಸ್ಥರ ಸಂಬಳ ಹೆಸರಿನ ಜೊತೆಗೇ ಇರುತ್ತದೆ. ಯುನೈಟೆಡ್ ವೇ ಆಫ್ ಅಮೆರಿಕಾ ಎಂಬ ದೊಡ್ಡ ಸೇವಾಸಂಸ್ಥೆಯ ಮುಖ್ಯಸ್ಥರಾಗಿದ್ದ ವಿಲಿಯಂ ಅರಾಮೊನಿ 1992ರಲ್ಲಿ ಕೆಳಗಿಳಿದು 1995ರಲ್ಲಿ ವಂಚನೆಗೆ ತಪ್ಪಿತಸ್ಥರಾದರು. 1996ರಲ್ಲಿ ಅಲ್ಲಿಯ ತೆರಿಗೆ ಕಾನೂನಿಗೆ ಸೆಕ್ಷನ್ 4958 ಬಂತು. ಅದರಲ್ಲಿ ಮೊದಲ ತೆರಿಗೆ ಬೀಳುವುದು ಸಂಸ್ಥೆಗಲ್ಲ, ಹೆಚ್ಚು ಪಡೆದವರಿಗೆ: ಹೆಚ್ಚುವರಿಯ 25%, ವಾಪಸು ಕೊಡದಿದ್ದರೆ 200%. ನಮ್ಮಲ್ಲಿ ಟ್ರಸ್ಟಿನ ಹಣದಿಂದಲೇ ತೆರಿಗೆ ಹೋಗುತ್ತದೆ. ನನಗೆ ಅಲ್ಲಿಯದ್ದೇ ನ್ಯಾಯ ಎನಿಸುತ್ತದೆ. ದೊಡ್ಡವರಿಗೆ ಇನ್ನೂ ಒಂದು ಉಂಟು: ವರ್ಷಕ್ಕೆ 10 ಲಕ್ಷ ಡಾಲರ್ ದಾಟಿದ ಸಂಬಳದ ಹೆಚ್ಚುವರಿಗೆ ಸಂಸ್ಥೆ 21% ತೆರಿಗೆ ಕಟ್ಟಬೇಕು.

ಅಲ್ಲಿಂದ ನೀವು ಎರವಲು ತರಬೇಕಾದ್ದು ಸಂಬಳದ ಅಂಕಿ ಅಲ್ಲ, ಕ್ರಮ. ಹಿತಾಸಕ್ತಿ ಇಲ್ಲದವರು ಒಪ್ಪಬೇಕು, ಒಪ್ಪುವ ಮೊದಲೇ ಹೋಲಿಕೆಯ ಮಾಹಿತಿ ಮುಂದಿರಬೇಕು, ಆಗಲೇ ಬರೆದಿಡಬೇಕು. ಬರೆದಿಡಲು ಅಲ್ಲಿಯ ಗಡುವು ಮುಂದಿನ ಸಭೆ ಅಥವಾ 60 ದಿನ, ಯಾವುದು ನಂತರವೋ ಅದು. ವಾರ್ಷಿಕ ಆದಾಯ 10 ಲಕ್ಷ ಡಾಲರಿಗಿಂತ ಕಡಿಮೆ ಇರುವ ಸಂಸ್ಥೆಗೆ ಮೂರು ಹೋಲಿಕೆ ಸಾಕು. ರೂಪಾಯಿಗೆ ತಿರುಗಿಸಿದರೆ ನೀವೂ ಆ ಸಾಲಿನವರೇ.

ಹೋಲಿಕೆ ಎಂದರೆ ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯ ಆಫರ್ ಲೆಟರ್ ತಂದು ಅಂಟಿಸುವುದಲ್ಲ. ಖರ್ಚು 4ರಿಂದ 10 ಕೋಟಿ, ಸಿಬ್ಬಂದಿ 50ರಿಂದ 120, ಕಣ್ಣೂರು, ಮಂಗಳೂರು, ಕೋಝಿಕ್ಕೋಡು ಇಂಥ ಊರು, ಇದೇ ತರದ ಕೆಲಸ. ವಾರ್ಷಿಕ ವರದಿಯಲ್ಲಿ ಸಂಬಳ ಪ್ರಕಟಿಸುವವರನ್ನು ಹುಡುಕಿ, ಉಳಿದವರಿಗೆ ಪತ್ರ ಬರೆದು ಕೇಳಿ. ಪ್ರತಿಯೊಂದರ ಮುಂದೆ ಮಾಹಿತಿ ಸಿಕ್ಕಿದ್ದು ಎಲ್ಲಿಂದ, ಯಾವ ತಾರೀಕು ಎಂದು ಬರೆಯಿರಿ. ನಿಮಗೆ ಅನುಕೂಲವಲ್ಲದ ಅಂಕಿಯನ್ನೂ ಬಿಡಬೇಡಿ. ಮೂರೂ 1.6 ಲಕ್ಷದ ಮೇಲೆಯೇ ಇದ್ದರೆ ಆರಿಸಿ ತಂದದ್ದು ಎಂದು ಯಾರಿಗೂ ಗೊತ್ತಾಗುತ್ತದೆ.

ಮಿನಿಟ್ಸ್ ಹೀಗಿರಲಿ: "ಅಭ್ಯರ್ಥಿ ತಮ್ಮ ತಂಗಿಯ ಮಗ ಎಂದು ಮ್ಯಾನೇಜಿಂಗ್ ಟ್ರಸ್ಟಿಯವರು ತಿಳಿಸಿ ಸಂಜೆ 4.10ಕ್ಕೆ ಕೋಣೆಯಿಂದ ಹೊರಗೆ ಹೋದರು. ಉಳಿದ 5 ಮಂದಿಯಿಂದ ಕೋರಂ ಇತ್ತು. ಅನುಬಂಧ 1ರ ಹೋಲಿಕೆ ಪಟ್ಟಿಯನ್ನು ಓದಲಾಯಿತು. 4 ಮಂದಿ ಪರ, ಒಬ್ಬರು 1,40,000 ಸಾಕೆಂದು ವಿರೋಧ. 4.55ಕ್ಕೆ ಮ್ಯಾನೇಜಿಂಗ್ ಟ್ರಸ್ಟಿಯವರು ಮರಳಿದರು." ವಿರೋಧವನ್ನು ಬರೆದರೆ ಸಂಸ್ಥೆಗೆ ಬಲವೇ. ಅಭ್ಯರ್ಥಿಯ ತಾಯಿಯೂ ಟ್ರಸ್ಟಿಯಾಗಿದ್ದರೆ ಅವರೂ ಎದ್ದು ಹೋಗಬೇಕು, ಆಗ ಕೋರಂ ಉಳಿಯುತ್ತದೆಯೇ ಎಂದು ಡೀಡ್ ನೋಡಿಯೇ ಸಭೆ ಕರೆಯಿರಿ.

ಸಂಗ್ರಹಿಸಿದ ದೇಣಿಗೆಯ ಮೇಲೆ ಶೇಕಡಾವಾರು ಇನ್ಸೆಂಟಿವ್ ಇಡುವ ಯೋಚನೆ ಬಂದರೆ ಅಲ್ಲೇ ಬಿಡಿ. ಯಾರೋ ಒಬ್ಬರು ಇಚ್ಛಾಪತ್ರದಲ್ಲಿ ದೊಡ್ಡ ಮೊತ್ತ ಬಿಟ್ಟುಹೋದ ವರ್ಷ ಅದನ್ನು ಯಾವ ಸೇವೆಗೆ ಕೊಟ್ಟದ್ದು ಎಂದು ಹೇಳುತ್ತೀರಿ?

ಪೆರ್ಲದ ಲೆಕ್ಕಿಗ

ಒಂದು ಬಿಟ್ಟುಹೋಗಿತ್ತು. ಎಫ್‌ಸಿ ಇರುವುದರಿಂದ ನಿಮ್ಮ ಆಡಿಟ್ ವರದಿ 1961ರ ಕಾಯ್ದೆಯ ಫಾರ್ಮ್ 10ಬಿಯಲ್ಲೇ, 10ಬಿಬಿ ಅಲ್ಲ. ಅದರಲ್ಲಿ 13(3)ರವರಿಗೆ ಕೊಟ್ಟದ್ದನ್ನು ಹೆಸರು, ಪ್ಯಾನ್ ಸಹಿತ ತೋರಿಸಬೇಕು. ಸಂಬಳ ನ್ಯಾಯವಾಗಿದ್ದರೂ ತೋರಿಸಿ, ಮುಚ್ಚಿಟ್ಟದ್ದೇ ಅನುಮಾನಕ್ಕೆ ದಾರಿ. ಮಾರ್ಚ್ ಸಂಬಳವನ್ನು ಮಾರ್ಚ್ 31ರ ಒಳಗೇ ಹಾಕಿ. ನಿಜವಾಗಿ ಪಾವತಿಯಾದ ವರ್ಷದಲ್ಲೇ ಅದು ಖರ್ಚಾಗಿ ಲೆಕ್ಕಕ್ಕೆ ಬರುವುದು, ಏಪ್ರಿಲ್ 2ಕ್ಕೆ ಹಾಕಿದರೆ ಈ ವರ್ಷ ಉದ್ದೇಶಕ್ಕೆ ಖರ್ಚು ಮಾಡಬೇಕಾದ ಆದಾಯದ 85%ಕ್ಕೆ ಸೇರುವುದಿಲ್ಲ. ಪಂಚಾಯತಿಗೆ ಕಟ್ಟುವ ವೃತ್ತಿ ತೆರಿಗೆ ಅರ್ಧವರ್ಷಕ್ಕೆ 1,250, ಅದನ್ನು ನಿರ್ದೇಶಕರ ಸಂಬಳದಿಂದಲೇ ಹಿಡಿಯಿರಿ.