ಅಪ್‌ಡೇಟ್: ಪುತ್ತರಿ ವಿಡಿಯೊ ತುಂಡಾಯಿತು, ಸಬ್‌ಟೈಟಲ್ ಕೈಕೊಡಲಿಲ್ಲ

ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಎರಡು ಗಂಟೆಯ ವಿಡಿಯೊವನ್ನು ತುಂಡು ಮಾಡಿದರೆ ಕೊಡವ ತಕ್ಕಿನ (ಕೊಡವ ಭಾಷೆಯ) ಮಾತಿಗೆ ಹಾಕಿದ ಕನ್ನಡ ಸಬ್‌ಟೈಟಲ್‌ನ ಸಮಯ ತಪ್ಪುತ್ತಿದೆ, ಏನು ಮಾಡಲಿ ಎಂದು ಕಳೆದ ವಾರ ಇಲ್ಲಿ ಕೇಳಿದ್ದೆ; ಕೆಲವು ಸಲಹೆಗಳು ಬಂದವು. ಮಡಿಕೇರಿಯ ಮಳೆ, ಹೋಗಿ ಬರುವ ಕರೆಂಟು, ಅಂತೂ ಕೆಲಸ ಮುಗಿಯಿತು.

ಎಸ್‌ಆರ್‌ಟಿ ಕಡತದ (ಸಬ್‌ಟೈಟಲ್‌ನ ಮಾತು, ಸಮಯ ಇರುವ ಪಠ್ಯ ಕಡತ) ಸಮಯವನ್ನು ಕೈಯಿಂದ ಹಿಂದಕ್ಕೆ ಸರಿಸುವ ಸಲಹೆ ಫಲಿಸಲಿಲ್ಲ. ಕೋವಿಯ ಸದ್ದು ಕೇಳಿ ಕದಿರು ಕೊಯ್ಯುವ ಹೊತ್ತಿಗೆ ತೆರೆಯ ಮೇಲೆ ‘ಪೊಲಿ ಪೊಲಿ ದೇವಾ’ ಎಂಬ ಘೋಷದ ಸಬ್‌ಟೈಟಲ್ ಬಂದು ಹೋಗಿಯೇ ಆಗಿತ್ತು! ಕಾರಣ ಇಷ್ಟೇ: ನಾನು ಬಳಸಿದ ವಿಡಿಯೊ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನಲ್ಲಿ ಮರು ಎನ್‌ಕೋಡ್ ಮಾಡದೆ (ವಿಡಿಯೊವನ್ನು ಹೊಸದಾಗಿ ಸಂಕುಚಿಸದೆ) ಕತ್ತರಿಸಿದರೆ ತುಂಡು ನಾವು ಹೇಳಿದ ಕ್ಷಣದಿಂದಲ್ಲ, ಅದರ ಹಿಂದಿನ ಕೀಫ್ರೇಮ್‌ನಿಂದ (ಇಡೀ ಚಿತ್ರವನ್ನು ತನ್ನಲ್ಲೇ ಹೊಂದಿರುವ ಫ್ರೇಮ್) ಶುರುವಾಗುತ್ತದೆ. ವಿಡಿಯೊ ಸಂಕುಚಿಸುವ ಎಕ್ಸ್264 ಎನ್‌ಕೋಡರ್‌ನ ಮೂಲ ಸೆಟ್ಟಿಂಗ್‌ನಲ್ಲಿ ಕೀಫ್ರೇಮ್‌ಗಳ ನಡುವೆ 250 ಫ್ರೇಮ್‌ಗಳವರೆಗೂ ಅಂತರವಿರಬಹುದು. ಸೆಕೆಂಡಿಗೆ 25 ಫ್ರೇಮ್ ಎಂದರೆ 10 ಸೆಕೆಂಡು. ಇದು ನನಗೆ ಹೊಸ ವಿಷಯ.

ಗೆದ್ದದ್ದು ಎಂಕೆವಿಟೂಲ್‌ನಿಕ್ಸ್ ಎಂಬ ತಂತ್ರಾಂಶ ಬಳಸುವ ಸಲಹೆ. ವಿಡಿಯೊ, ಎಸ್‌ಆರ್‌ಟಿ ಎರಡನ್ನೂ ಒಂದೇ ಎಂಕೆವಿ ಕಡತಕ್ಕೆ (ವಿಡಿಯೊ, ಸಬ್‌ಟೈಟಲ್ ಒಟ್ಟಿಗೆ ಹಿಡಿಯುವ ಕಡತ) ಸೇರಿಸಿ, ಆಮೇಲೆ ಸಮಯ ಕೊಟ್ಟು ಒಡೆದೆ. ಕತ್ತರಿ ಎಲ್ಲಿ ಬಿದ್ದರೂ ಸಬ್‌ಟೈಟಲ್ ಜೊತೆಗೇ ಬಂದಿತು. ಎಸ್‌ಆರ್‌ಟಿಯನ್ನು ಯುಟಿಎಫ್-8ರಲ್ಲಿ (ಕನ್ನಡ ಅಕ್ಷರಗಳನ್ನು ಹಿಡಿಯಬಲ್ಲ ಅಕ್ಷರ ಸಂಕೇತ ಪದ್ಧತಿ) ಉಳಿಸಿಕೊಳ್ಳಿ, ಇಲ್ಲವಾದರೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣಬಹುದು. ಸಲಹೆ ಕೊಟ್ಟವರು ಈ ಕಡೆ ಬಂದರೆ ಒಂದು ಲೋಟ ಬೆಲ್ಲದ ಕಾಫಿ ಬಾಕಿ ಇದೆ.