ಸನ್‌ಮೈಕಾ ಕಪಾಟಿಗೆ ಬಣ್ಣ ಹಚ್ಚಿದ್ರ ನಿಲ್ತದೇನ್ರಿ?

ಸಪ್ತಾಪುರದಾಕಿ, ಧಾರವಾಡ

ನಮಸ್ಕಾರ್ರಿ. ನಮ್ಮ ಅಡಿಗಿಮನಿ ಕಪಾಟು ಹಳೇವು. ಪ್ಲೈವುಡ್ಡು, ಮ್ಯಾಲೆ ಕಂದು ಸನ್‌ಮೈಕಾ, 14 ಬಾಗಲಾ. ಗಟ್ಟಿ ಅವ, ಆದ್ರ ಹಾಡಹಗಲೂ ಲೈಟ್ ಹಚ್ಚಬೇಕು, ಅಷ್ಟ ಕತ್ತಲಿ ಕಾಣಸ್ತದ. ಮಾಡ್ಯುಲರ್ ಮಾಡೋರನ್ನ ಕರಸಿದ್ವಿ, 1,80,000 ಅಂದ್ರು. ನಮ್ಮನಿಯವ್ರು ಚಹಾ ಕುಡಿಸಿ ಕಳಿಸಿದ್ರು.

ಈಗ ನಾವ ಬಣ್ಣ ಹಚ್ಚೋಣು ಅಂತ ಮಾಡೇವಿ. ಸನ್‌ಮೈಕಾ ಮ್ಯಾಲೆ ನಿಲ್ತದೋ ಇಲ್ಲೋ? ಯಾವ ಪೇಂಟ್ ತರೋದು? ಸಿಂಕ್ ಕೆಳಗಿನ ಎರಡು ಬಾಗಲಾ ನೀರು ಕುಡದು ಉಬ್ಬ್ಯಾವ, ಅವಕ್ಕೇನ್ ಮಾಡೋದು? ದೀಪಾವಳಿಗೆ ನಾದಿನಿ ಬರಾಕಿದಾಳ, ಅಷ್ಟರಾಗ ಮುಗೀಬೇಕು.

ಬ್ಯಾಡಗಿ ಖಾರ

ನಿಲ್ಲಂಗಿಲ್ಲ ಬಿಡ್ರಿ ಅಕ್ಕಾರ. ನಮ್ಮ ಬಾಡಿಗಿ ಮನ್ಯಾಗ ಮಾಲಕ ಸನ್‌ಮೈಕಾ ಮ್ಯಾಲೆ ಆಯಿಲ್ ಪೇಂಟ್ ಬಳದಿದ್ದ. ಹ್ಯಾಂಡಲ್ ಹತ್ರ ಉಗುರು ತಾಗಿದ್ರ ಸಾಕು, ಬಾಳೆಹಣ್ಣಿನ ಸಿಪ್ಪಿ ಎದ್ದಂಗ ಏಳ್ತಿತ್ತು.

ಪೇಂಟಂಗಡಿ ಗಲ್ಲಾ, ಹುಬ್ಬಳ್ಳಿ

ನಿಲ್ತೈತ್ರಿ, ನಿಂದ್ರಂಗ ಮಾಡಬೇಕಷ್ಟ. ಖಾರದವ್ರ ಮಾಲಕ ಡಬ್ಬಿ ತಗದವನ ಸೀದಾ ಬಳದಿರ್ತಾನ. ನಮ್ಮಂಗಡಿಗೆ ಬರೋ ಮಂದೀನೂ ಹಂಗ: ಕಂಪನಿ ಕೇಳ್ತಾರ, ರೇಟ್ ಕೇಳ್ತಾರ, ಜಿಡ್ಡು ಹೆಂಗ ತಗೀಬೇಕು ಅಂತ ಒಬ್ರೂ ಕೇಳಂಗಿಲ್ಲ.

ಒಲಿ ಮ್ಯಾಲಿನ ಬಾಗಲಾ ಮುಟ್ಟಿ ನೋಡ್ರಿ. ಬೆರಳು ಅಂಟತೈತಲ್ಲ, ಅದು ವರ್ಷಗಟ್ಟಲೆ ಒಗ್ಗರಣಿ ಹೊಗಿ. ಬಿಸಿ ನೀರಾಗ ಬಟ್ಟಿ ಒಗಿಯೋ ಸೋಡಾ ಹಾಕಿ, ಕೈಗೆ ಗ್ಲೌಸ್ ಹಾಕ್ಕೊಂಡು ತಿಕ್ಕರಿ. ಆಮ್ಯಾಲೆ ಬರೇ ನೀರಿನ ಅರಬಿಲೆ ಒರಸ್ರಿ, ಸೋಡಾ ಉಳದ್ರ ಅದೂ ಪೇಂಟಿಗೆ ವೈರಿ. ಒಣಗಿದ ಮ್ಯಾಲೇನ ಪಾಲಿಶ್ ಪೇಪರ್ ಹಿಡೀರಿ, 220 ನಂಬರಿಂದು. ಸನ್‌ಮೈಕಾ ಹರೀಬೇಕಂತಲ್ಲ, ಹೊಳಪು ಸತ್ತರ ಸಾಕು.

ಮುಂದ ಪ್ರೈಮರ್, ಅಂದ್ರ ಬಣ್ಣಕ್ಕಿಂತ ಮೊದಲ ಹಚ್ಚೋ ಅಡಿ ಕೋಟ್. ರೊಕ್ಕ ಉಳಸಾಕ ಹೋಗಿ ಎಲ್ಲಾರೂ ಕೆಡಿಸಿಕೊಳ್ಳೋದು ಇಲ್ಲೇ. ಮಾಮೂಲಿ ವುಡ್ ಪ್ರೈಮರ್ ಇರೋದು ಬರೀ ಕಟ್ಟಿಗಿಗೆ, ಕಟ್ಟಿಗಿ ಅದನ್ನ ಹೀರ್ಕೊಂತೈತಿ. ಸನ್‌ಮೈಕಾ ಏನ್ ಹೀರತೈತಿ? ಸನ್‌ಮೈಕಾದಂಥ ಲ್ಯಾಮಿನೇಟಿಗೆ ಹಿಡಿಯೋ ಬಾಂಡಿಂಗ್ ಪ್ರೈಮರ್ ಕೊಡ್ರಿ ಅಂತ ಕೇಳ್ರಿ. ಮೊದಲ ಒಂದು ಬಾಗಲದ ಒಳಮೈಗೆ ಪ್ರೈಮರ್, ಪೇಂಟ್ ಎರಡೂ ಹಚ್ಚಿ, ಪೂರ್ತಿ ಒಣಗಿದ ಮ್ಯಾಲೆ ಸೆಲೊ ಟೇಪ್ ಒತ್ತಿ ಸರ್ರನೆ ಕೀಳ್ರಿ. ಟೇಪಿಗೆ ಬಣ್ಣ ಬರಲಿಲ್ಲಂದ್ರ ಉಳದದ್ದಕ್ಕ ಕೈ ಹಾಕ್ರಿ.

ಆಯಿಲ್ ಎನಾಮೆಲ್ ಗಟ್ಟಿ ಖರೆ, ಆದ್ರ ಬಿಳೀದು ತಂದ್ರ ಬೆಳಕಿಲ್ಲದ ಅಡಿಗಿಮನ್ಯಾಗ ಹಳದಿ ತಿರಗತೈತಿ, ವಾಸನಿನೂ ಲಗೂ ಹೋಗಂಗಿಲ್ಲ. ನಾ ಆದ್ರ ನೀರಿನ ಎನಾಮೆಲ್ ಕೊಡ್ತೀನಿ, ಸ್ಯಾಟಿನ್ ಫಿನಿಶ್, ಅಂದ್ರ ಮಂದ ಹೊಳಪಿಂದು. ಸ್ಪಂಜಿನ ಸಣ್ಣ ರೋಲರಿಲೆ ತೆಳ್ಳಗ ಎರಡು ಕೋಟ್. ಲೀಟರಿಗೆ ಒಂದು ಕೋಟ್ ಸುಮಾರು 100 ಚದರಡಿ ಹಿಡೀರಿ. ನಿಮ್ಮ 14 ಬಾಗಲಾ ಒಂದೊಂದು 3 ಚದರಡಿ ಅಂದ್ರೂ ಹೊರಮೈ ಎರಡು ಕೋಟಿಗೆ ಒಂದು ಲೀಟರ್ ಸಾಕು.

ಬಾಗಲಾ ಬಿಚ್ಚಿ ಮಲಗಿಸಿ ಹಚ್ಚರಿ. ಬಿಜಾಗರಿ ಮ್ಯಾಲೆ ಬಳದ್ರ ಬಿಗದು ಕುಂಡ್ರತಾವ. ಬಿಚ್ಚೂಮುಂದ ಬಾಗಲಕ್ಕೂ ಖಾನೆಗೂ ಒಂದೇ ನಂಬರಿನ ಚೀಟಿ ಹಚ್ಚರಿ.

ಉಬ್ಬಿದ್ದು ಪ್ಲೈವುಡ್ ಅಲ್ಲ ಅನಸ್ತೈತಿ, ಕಟ್ಟಿಗಿ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಇರಬೇಕು. ಎಷ್ಟು ಪುಟ್ಟಿ ಬಳದ್ರೂ ಆ ಉಬ್ಬು ಇಳಿಯಂಗಿಲ್ಲ. ಅವೆರಡನ್ನ ನೀರು ತಡಿಯೋ, ಐಎಸ್ 710 ಮುದ್ರಿ ಇರೋ ಪ್ಲೈವುಡ್ಡಿನಾಗ ಹೊಸಾದು ಮಾಡಸ್ರಿ, ಅದಕ್ಕಿಂತ ಮೊದಲ ಸಿಂಕಿನ ಪೈಪ್ ರಿಪೇರಿ. ಮತ್ತ ಮಳಿಗಾಲ ಮುಗೀಲಿ. ನಿಮ್ಮ ಧಾರವಾಡದ ಜಿಟಿಜಿಟಿ ಮಳ್ಯಾಗ ಬಣ್ಣದ ಅಂಟು ಹೋಗಂಗಿಲ್ಲ.

ಸಪ್ತಾಪುರದಾಕಿ

ಭಾಳ ಉಪಕಾರ ಆತ್ರಿ ಅಣ್ಣಾರ. ಬಣ್ಣ ಯಾವದು ಹಚ್ಚೋದು? ನನಗ ಪೂರಾ ಬಿಳಿ ಮನಸ್ಸು, ಮಗಳು ಕಡು ಹಸರು ಅಂತ ಹಟ ಹಿಡದಾಳ.

ಬೆಟಗೇರಿ ಅತ್ತಿ

ಕಡು ಬಣ್ಣ ಬ್ಯಾಡವಾ. ನಮ್ಮಲ್ಲಿ ಕಡು ನೀಲಿ ಐತಿ, ರೊಟ್ಟಿ ಬಡದು ಏಳೋದ್ರಾಗ ಹಿಟ್ಟಿನ ಧೂಳು ಕುಂತು ಯಾರ ಕೈ ಎಲ್ಲಿ ಬಿದ್ದೈತಿ ಹೇಳಬಹುದು. ಪೂರಾ ಬಿಳೀಗೆ ಅರಿಷಿಣದ ಕಾಟ. ಮ್ಯಾಲಿನ ಸಾಲಿಗೆ ಕೆನಿ ಬಣ್ಣ ಹಚ್ಚು, ಕೆಳಗ ತೆಳು ಹಸರು, ಮಗಳ ಮಾತೂ ನಡದಂಗಾತು. ಇನ್ನೊಂದು, ಪೇಂಟ್ ಹಸಿ ಇದ್ದಾಗ ಅಲ್ಲೇ ಕುಂತು ರೊಟ್ಟಿ ಬಡೀಬ್ಯಾಡ. ಹಿಟ್ಟು ಹಾರಿ ಬಣ್ಣದಾಗ ಕುಂತ್ರ ಮುಟ್ಟಿದ್ರ ಉಸುಕು ಉಸುಕು ಹತ್ತತೈತಿ. ಅಲ್ಲೀತನಕ ಖಾನಾವಳಿ ರೊಟ್ಟಿ ತರಸು.

ಪೇಂಟಂಗಡಿ ಗಲ್ಲಾ

ಅತ್ತಿಯವ್ರು ಹೇಳಿದ್ದು ಖರೆ ಐತ್ರಿ. ಹ್ಯಾಂಡಲ್ ಬದಲಿಸೋದಿದ್ರ ಎರಡು ತೂತಿನ ನಡುವಿನ ಅಂತರ ಅಳಕೊಂಡು ಅಂಗಡಿಗೆ ಹೋಗ್ರಿ. 96 ಮಿಲಿಮೀಟರಿಂದೂ ಇರ್ತಾವ, 128ರದ್ದೂ ಇರ್ತಾವ. ಅಳತಿ ಕೂಡಲಿಲ್ಲಂದ್ರ ಹಳೇ ತೂತು ಪ್ರೈಮರಿಗಿಂತ ಮೊದಲ ತುಂಬಿ ತಿಕ್ಕಬೇಕಾಗ್ತೈತಿ.