ತ್ಸೆ ತ್ಸೆ ನೊಣದ ರೆಕ್ಕೆ ನೋಡಿ ಅದರ ಊರು ಹೇಳಬಹುದಾ?

ಕೊನೇಬೆಂಚು:
ಎಂಎಸ್ಸಿ ಪ್ರಾಣಿಶಾಸ್ತ್ರ, ಎರಡನೇ ವರ್ಷ. ಸೆಮಿನಾರಿಗೆ ಪಶ್ಚಿಮ ಆಫ್ರಿಕಾದ ಗಿನಿ ದೇಶದ ಲೂಸ್ ದ್ವೀಪಗಳ ತ್ಸೆ ತ್ಸೆ ನೊಣದ (ರಕ್ತ ಹೀರಿ ನಿದ್ರಾರೋಗ ಹರಡುವ ನೊಣ) ಬಗ್ಗೆ 2006ರ ಒಂದು ಲೇಖನ ತೆಗೆದುಕೊಂಡಿದ್ದೇನೆ. ರಾಜಧಾನಿ ಕೊನಾಕ್ರಿಗೂ ಈ ದ್ವೀಪಗಳಿಗೂ ನಡುವೆ ಇರೋದು ಸುಮಾರು 5 ಕಿಲೋಮೀಟರ್ ಸಮುದ್ರ ಅಷ್ಟೇ. ಆದರೂ ದ್ವೀಪದ ನೊಣಗಳು ದಡದ ನೊಣಗಳಿಂದ ಬೇರೆಯಾಗಿವೆ ಅಂತ ಡಿಎನ್‌ಎ ಜೊತೆಗೆ ರೆಕ್ಕೆಯ ಆಕಾರವನ್ನೂ ನೋಡಿ ಹೇಳಿದ್ದಾರೆ. ಡಿಎನ್‌ಎ ಇರುವಾಗ ರೆಕ್ಕೆ ಯಾಕೆ? ಅಳೆಯೋದಾದರೆ ಸುಮ್ನೆ ಉದ್ದ ಅಳೆದರೆ ಸಾಲದಾ?

ಜೇನುಪೆಟ್ಟಿಗೆ:
ರೆಕ್ಕೆಗೆ ಖರ್ಚು ಕಡಿಮೆ ಸ್ವಾಮಿ. ಸ್ಲೈಡು, ಕ್ಯಾಮೆರಾ, ಕಂಪ್ಯೂಟರ್ ಇದ್ದರೆ ಆಯಿತು. ಜೇನುಹುಳದಲ್ಲೂ ಇದನ್ನೇ ಮಾಡುತ್ತಾರೆ.

ರೆಕ್ಕೆಯಕ್ಕ:
ಪಶ್ಚಿಮ ಆಫ್ರಿಕಾದ ಒಂದು ಲ್ಯಾಬಿನಲ್ಲಿ ಎರಡು ವರ್ಷ ಇದೇ ರೆಕ್ಕೆಗಳನ್ನು ಸ್ಲೈಡಿಗೆ ಅಂಟಿಸಿದವಳು ನಾನು. ಉದ್ದವನ್ನು ನಂಬಬೇಡಿ. ತ್ಸೆ ತ್ಸೆ ಮೊಟ್ಟೆ ಇಡುವುದಿಲ್ಲ, ಒಂದು ಸಲಕ್ಕೆ ಒಂದೇ ಮರಿಹುಳು ಹೆರುತ್ತದೆ. ಆ ಮರಿ ಹೊರಗೆ ಬಂದ ಮೇಲೆ ಏನೂ ತಿನ್ನದೆ ಮಣ್ಣಿಗೆ ಇಳಿದು ಕೋಶ ಕಟ್ಟುತ್ತದೆ. ಅಮ್ಮನ ಹೊಟ್ಟೆಯಲ್ಲಿ ಸಿಕ್ಕಿದ್ದಷ್ಟೇ ಅದರ ಊಟ. ಅಮ್ಮನಿಗೆ ರಕ್ತ ಸರಿಯಾಗಿ ಸಿಗದಿದ್ದರೆ, ಬಿಸಿಲು ಜಾಸ್ತಿಯಾದರೆ, ಮಗು ಸಣ್ಣದು. ಅಂದರೆ ಗಾತ್ರ ಆ ವರ್ಷದ ಬೇಸಿಗೆಯನ್ನೂ ಹೇಳಿಬಿಡುತ್ತದೆ. ಆಕಾರ ಅಷ್ಟು ಬೇಗ ಅಲುಗುವುದಿಲ್ಲ.

ಹಾಗಾಗಿ ರೆಕ್ಕೆಯ ಫೋಟೋದಲ್ಲಿ ನರಗಳು (ರೆಕ್ಕೆಯ ಗೆರೆಗಳು) ಕೂಡುವ ಕಡೆ ಹತ್ತು, ಹನ್ನೊಂದು ಚುಕ್ಕೆ ಇಡುತ್ತೇವೆ. ರೆಕ್ಕೆಯ ನಡುವೆ ಕೊಡಲಿ ತರಹದ ಒಂದು ಖಾನೆ ಇದೆ ನೋಡಿ, ಅದರ ಮೂಲೆಗಳಲ್ಲೂ. ಕಂಪ್ಯೂಟರ್ ಎಲ್ಲಾ ರೆಕ್ಕೆಗಳನ್ನು ಒಂದೇ ಅಳತೆಗೆ ತಂದು, ತಿರುಗಿಸಿ, ಒಂದರ ಮೇಲೊಂದು ಇಡುತ್ತದೆ. ಆಮೇಲೂ ಹೊಂದದೆ ಉಳಿಯುವುದೇ ಆಕಾರದ ವ್ಯತ್ಯಾಸ. ಬರಿಗಣ್ಣಿಗೆ ಕಾಣುವುದಿಲ್ಲ, ನನಗೂ ಕಾಣುತ್ತಿರಲಿಲ್ಲ.

ಒಂದು ಸಲ ಎರಡು ಗುಂಪು ಚೆಂದವಾಗಿ ಬೇರೆಯಾಗಿ ಬಂದವು. ಚಹಾ ತರಿಸಿ ಖುಷಿಪಟ್ಟೆವು. ಸಂಜೆ ನೋಡಿದರೆ ಒಂದು ಗುಂಪಿಗೆ ಚುಕ್ಕೆ ಇಟ್ಟವಳು ನಾನು, ಇನ್ನೊಂದಕ್ಕೆ ನನ್ನ ಜೊತೆಯವನು. ಬೇರೆಯಾಗಿದ್ದು ನಮ್ಮಿಬ್ಬರ ಕೈ! ಅಷ್ಟೂ ರೆಕ್ಕೆಗೆ ನಾನೊಬ್ಬಳೇ ಮತ್ತೆ ಚುಕ್ಕೆ ಇಟ್ಟೆ. ಗಂಡು ಹೆಣ್ಣು ಬೆರೆಸಿದರೂ ಇದೇ ಗತಿ.

ಕೊನೇಬೆಂಚು:
ಅಕ್ಕ, ಬೇರೆ ಅಂತ ಗೊತ್ತಾದರೆ ಲಾಭವೇನು?

ರೆಕ್ಕೆಯಕ್ಕ:
ಪಕ್ಕದಿಂದ ನೊಣ ಬರುತ್ತಿದ್ದರೆ ಇಲ್ಲಿ ಎಷ್ಟು ಕೊಂದರೂ ಮತ್ತೆ ತುಂಬಿಕೊಳ್ಳುತ್ತದೆ, ಹತೋಟಿಯಲ್ಲಿ ಇಡುವುದಷ್ಟೇ ಸಾಧ್ಯ. ಬರುತ್ತಿಲ್ಲ ಅಂದರೆ ಪೂರ್ತಿ ಅಳಿಸಬಹುದು. ಸೆನೆಗಲ್‌ನಲ್ಲಿ ಡಾಕರ್ ಪಕ್ಕದ ನಿಯಾಯ್ ಪ್ರದೇಶದ ನೊಣಗಳನ್ನು ಆಗ್ನೇಯದ ಮಿಸ್ಸಿರಾದವುಗಳ ಜೊತೆ ಹೋಲಿಸಿದರು. ಡಿಎನ್‌ಎಯೂ ರೆಕ್ಕೆಯೂ ಬೇರೆ ಅಂದವು. ಹಾಗಾಗಿ ನಿಯಾಯ್‌ನಲ್ಲಿ ಬಂಜೆ ಮಾಡಿದ ಗಂಡು ನೊಣಗಳನ್ನು ಹಾರಿಬಿಟ್ಟು (ಅವುಗಳ ಜೊತೆ ಕೂಡಿದ ಹೆಣ್ಣಿಗೆ ಮರಿಯಾಗುವುದಿಲ್ಲ) ಸಂತತಿಯನ್ನೇ ಮುಗಿಸುವ ಕೆಲಸಕ್ಕೆ ಇಳಿದರು. ಆದರೆ ರೆಕ್ಕೆ ಒಂದನ್ನೇ ನಂಬಿ ಆ ತೀರ್ಮಾನಕ್ಕೆ ಬರಬೇಡಿ. ಹವೆ ಬೇರೆಯಾದರೂ ಆಕಾರ ಸ್ವಲ್ಪ ವಾಲುತ್ತದೆ.

ಜೇನುಪೆಟ್ಟಿಗೆ:
ಹರಿದ ರೆಕ್ಕೆ ಬಂದರೆ?

ರೆಕ್ಕೆಯಕ್ಕ:
ಮುದಿ ನೊಣದ ರೆಕ್ಕೆಯ ಅಂಚು ಹಳೇ ಸೀರೆ ತರಹ ಪಿಸಿದಿರುತ್ತದೆ. ಪರವಾಗಿಲ್ಲ, ಚುಕ್ಕೆಗಳು ಇರುವುದು ಒಳಗೆ. ನರ ಕೂಡುವ ಜಾಗವೇ ಹೋಗಿದ್ದರೆ ಮಾತ್ರ ಆ ಸ್ಲೈಡ್ ಪಕ್ಕಕ್ಕಿಡಿ.